ಬೇಲಿ ಹಾರಿ ಬರುವ ಹೋತರಾಯರ ಸನ್ನಿಧಿಗೆ

ಬೆಲ್ ಮೋರ್ನ್ ಹಳ್ಳಿ, ಕ್ಯಾರಿಯಾಕೂ ದ್ವೀಪ
ಜೂನ್ ತಿಂಗಳ ಮೂರನೆಯ ಗುರುವಾರ

ಇವರಿಗೆ:
ಎಡಗಿವಿ ಬಿಳಿಯಾದ, ಬಲಗೊಂಬು ಮುರಿದ, ತಾಂತಿ ಉರ್ಸುಲಿನ್ ಬೆಡೋ ಅವರ ಮನೆಯ ಹಿರಿಯ ಹೋತರಾಯರು
ಮೊಕ್ಕಾಂ: ಮೊನ್ನೆ ಮೊನ್ನೆಯವರೆಗೆ ನನ್ನ ಅಂಗಳ

ಮಾನ್ಯರೇ,

ಮೊದಲಿಗೆ ತಮ್ಮ ಗಡ್ಡಕ್ಕೂ, ಉಳಿದಿರುವ ಒಂದೇ ಕೊಂಬಿಗೂ, ನನ್ನ ಮೂರು ಸಾಲು ತೊಗರಿಯನ್ನು ಬುಡಸಮೇತ ಅರಗಿಸಿಕೊಂಡ ತಮ್ಮ ಘನವಾದ ಹೊಟ್ಟೆಗೂ ಬೇರೆ ಬೇರೆಯಾಗಿ ನನ್ನ ನಮಸ್ಕಾರಗಳು. ತಾವು ಕ್ಷೇಮವಾಗಿರುವುದನ್ನು ಇಂದು ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಕಣ್ಣಾರೆ ಕಂಡಿದ್ದೇನಾದ್ದರಿಂದ ಆ ಬಗ್ಗೆ ವಿಚಾರಿಸುವ ಉಪಚಾರವನ್ನು ಬಿಟ್ಟಿದ್ದೇನೆ. ತಾವು ಓದುವವರಲ್ಲ, ತಮಗೆ ಪತ್ರ ಬರೆಯುವುದು ವ್ಯರ್ಥ ಎಂದು ಊರಿನವರು ನಗುತ್ತಾರೆ. ನಗಲಿ. ಈ ದ್ವೀಪದಲ್ಲಿ ನಾನು ಬರೆದ ಕಾಗದಗಳನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಅಂಚನ್ನೂ ಬಿಡದೆ, ಪೂರ್ತಿಯಾಗಿ ಒಳಗೆ ತೆಗೆದುಕೊಂಡವರು ತಾವೊಬ್ಬರೇ. ತಮ್ಮ ಪ್ರತಿಯನ್ನು ಗೇಟಿಗೆ ಸಿಕ್ಕಿಸಿ, ಇನ್ನೊಂದನ್ನು ಎಲ್ಲರೂ ಓದಲೆಂದು ರಮ್ ಅಂಗಡಿಯ ಗೋಡೆಗೆ ಅಂಟಿಸುತ್ತಿದ್ದೇನೆ.

ನನ್ನ ಪರಿಚಯವನ್ನು ತಾವು ಕೇಳಿದವರಲ್ಲ, ಆದರೂ ದೂರು ಎಂದಮೇಲೆ ಕ್ರಮಪ್ರಕಾರ ಹೇಳಬೇಕು. ನಾನು ಇನೆಕೆ ಬೋಸ್ಮಾ, ವಯಸ್ಸು ಅರವತ್ಮೂರು. ಹಾಲೆಂಡಿನ ರಾಟರ್‌ಡ್ಯಾಮ್ ನಗರದಲ್ಲಿ ಮೂವತ್ತೊಂದು ವರ್ಷ ಟ್ರಾಮುಗಳ ವೇಳಾಪಟ್ಟಿ ಬರೆದವಳು. ಗಂಡನಿಲ್ಲ, ಮಕ್ಕಳಿಲ್ಲ. ಕೆಲಸ ಬಿಟ್ಟಮೇಲೆ ಇಲ್ಲಿಗೆ ಬಂದು, ಪಟ್ಟಣದ ಬಂದರಿನ ಬಳಿ ಹಗ್ಗ ಮತ್ತು ಬಲೆ ಮಾರುವ ಅಂಗಡಿಯ ಮೇಲಿನ ಕೋಣೆಯಲ್ಲಿ ಆರು ವರ್ಷ ಬಾಡಿಗೆಗಿದ್ದೆ. ಆಮೇಲೆ ಇಲ್ಲೇ ಮಣ್ಣಾಗುವುದೆಂದು ನಿಶ್ಚಯಿಸಿ, ಹೋದ ಸೆಪ್ಟೆಂಬರಿನಲ್ಲಿ ರಾಟರ್‌ಡ್ಯಾಮಿನ ಮನೆಯನ್ನು ಮಾರಿ, ಬೆಲ್ ಮೋರ್ನ್ ಗುಡ್ಡದ ಮೇಲೆ ಎರಡು ಕೋಣೆ, ಒಂದು ಜಗಲಿ, ಮಳೆನೀರಿನ ಒಂದು ತೊಟ್ಟಿ ಮತ್ತು ಅರ್ಧ ಎಕರೆ ನೆಲವಿರುವ ಮನೆಯನ್ನು ಕೊಂಡೆ. ಮಾರಿದವರು ತಮ್ಮ ಒಡತಿಯಾದ, ಊರಿಗೆಲ್ಲ ತಾಂತಿ, ಅಂದರೆ ಅತ್ತೆಯಾದ, ಉರ್ಸುಲಿನ್ ಅವರ ಅಣ್ಣನ ಮಗ; ಬ್ರೂಕ್ಲಿನ್‌ನಲ್ಲಿ ಇದ್ದುಕೊಂಡೇ ಫೋನಿನಲ್ಲಿ ಮಾರಿದರು. ಹಿಂದಿರುಗಿ ಹೋಗಿ ಕೂರಲು ಈಗ ರಾಟರ್‌ಡ್ಯಾಮಿನಲ್ಲಿ ನನಗೆ ಒಂದು ಕುರ್ಚಿಯೂ ಇಲ್ಲ.

ನಾನು ನಿನ್ನೆ ಹಡಗಿಳಿದ ಹೊಸಬಳಲ್ಲ ಎಂಬುದನ್ನು ತಾವು ಗಮನಿಸಬೇಕು. ನನ್ನ ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದಲೇ. ಏನೂ ಗೊತ್ತಿಲ್ಲದವಳಾಗಿದ್ದರೆ ಯಾರನ್ನಾದರೂ ಕೇಳುತ್ತಿದ್ದೆ. ಆದರೆ ನನಗೆ ಬಿಡುಗಾಲ ಗೊತ್ತಿತ್ತು. ಜೋಳ, ತೊಗರಿ ನೆಲದಲ್ಲಿರುವ ತನಕ ತಮ್ಮಂಥವರೆಲ್ಲ ಹಗ್ಗ ಗೂಟಗಳಲ್ಲಿ ಸದ್ಗೃಹಸ್ಥರಂತೆ ಇರುತ್ತೀರಿ. ಕೊಯ್ಲು ಮುಗಿದು ಫೆಬ್ರವರಿ ಬಂದಾಗ ಹಗ್ಗ ಬಿಚ್ಚಿ ಬಿಡುತ್ತಾರೆ, ಮತ್ತೆ ಮಳೆ ಬೀಳುವವರೆಗೆ ಗುಡ್ಡ, ರಸ್ತೆ, ಇಗರ್ಜಿಯ ಮೆಟ್ಟಿಲು ಎಲ್ಲ ತಮ್ಮದೇ. ಪಟ್ಟಣದಲ್ಲಿ ಆರು ಬಿಡುಗಾಲಗಳನ್ನು ಕಿಟಕಿಯಿಂದ ನೋಡಿದ್ದ ನಾನು ಬಹಳ ಜಾಣೆಯಾಗಿ, ನವೆಂಬರಿನಲ್ಲೇ, ಬಡಗಿ ಕೆನ್‌ರಿಕ್ ಫ್ಲೀರಿಯವರನ್ನು ಕರೆಸಿ ಅರ್ಧ ಎಕರೆಯ ಸುತ್ತಲೂ ಐದಡಿ ಬೇಲಿ ಹಾಕಿಸಿ, ಗೇಟಿಟ್ಟು, ಗೇಟಿಗೊಂದು ಹಿತ್ತಾಳೆಯ ಬೀಗವನ್ನೂ ಹಾಕಿದೆ. ಕೆನ್‌ರಿಕ್ ಒಂದು ಮಾತೂ ಎದುರಾಡದೆ ಕಟ್ಟಿಕೊಟ್ಟರು. ಪೂರ್ವದ ಮೂಲೆಯಲ್ಲಿ ಮಾತ್ರ ಅವರ ಗೂಟಗಳು ಸಾಲು ಬಿಟ್ಟು ಹೊರಕ್ಕೆ ಬಾಗಿದ್ದವು. ಮೂವತ್ತೊಂದು ವರ್ಷ ಗೆರೆ ಎಳೆದು ಬದುಕಿದವಳಿಗೆ ಅದು ಸಹಿಸಲಾಗದೆ, ಇಷ್ಟು ವಯಸ್ಸಾದರೂ ನೇರವಾಗಿ ಗುಣಿ ತೋಡಲು ಬರುವುದಿಲ್ಲವೇ ಎಂದು ಅವರನ್ನು ಬೈದೆ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡು, "ನಿಮ್ಮ ಅಂಗಳ, ಮಿಸ್ ಇನೆಕೆ. ನೀವು ಹೇಳಿದ್ ಹಾಗೆ," ಎಂದು ಹೊರಟುಹೋದರು.

ಆ ಪೂರ್ವದ ಮೂಲೆಯಲ್ಲಿ, ತಮಗೆ ಚೆನ್ನಾಗಿ ತಿಳಿದಿರುವಂತೆ, ಆಳುದ್ದದ ಒಂದು ಸಿಮೆಂಟಿನ ಕಟ್ಟೆ ಇದೆ. ಅದೇನೆಂದು ನಾನು ಬ್ರೂಕ್ಲಿನ್ನಿನವರನ್ನು ಕೇಳಿದ್ದೆ. "ಹಳೇ ಕಟ್ಟೆ ಮೇಡಂ, ಕೂತ್ಕೊಳಕ್ಕೆ ಚೆನ್ನಾಗಿದೆ. ಸಮುದ್ರ ಕಾಣುತ್ತೆ," ಎಂದಿದ್ದರು. ಸಮುದ್ರ ಕಾಣುತ್ತಿದ್ದದ್ದು ನಿಜ. ನಾನು ಅದರ ತಲೆಯ ಕಡೆಗೆ ನಾಲ್ಕು ಹೂಕುಂಡಗಳನ್ನಿಟ್ಟು, ಮೆತ್ತೆ ಹಾಸಿ, ದಿನವೂ ಬೆಳಿಗ್ಗೆ ಅಲ್ಲಿ ಕೂತು ಕಾಫಿ ಕುಡಿಯತೊಡಗಿದೆ. ದಾರಿಯಲ್ಲಿ ಹೋಗುವವರು ಬೇಲಿಯಾಚೆ ನಿಂತು ಒಂದು ಕ್ಷಣ ನೋಡಿ, "ಗುಡ್ ಮಾರ್ನಿಂಗ್, ಮಿಸ್ ಇನೆಕೆ," ಎಂದು ಮುಂದೆ ಹೋಗುತ್ತಿದ್ದರು. ಎಷ್ಟು ಸಭ್ಯ ಜನ ಎಂದುಕೊಂಡೆ. ಒಳಗೆ ಮಾತ್ರ ಯಾರೂ ಬರಲಿಲ್ಲ. ಡಿಸೆಂಬರು ಹೋಯಿತು, ಜನವರಿ ಹೋಯಿತು. ಪಟ್ಟಣದಲ್ಲಿ ದಿನಕ್ಕೆ ಹತ್ತು ಜನ ನನ್ನ ಮೆಟ್ಟಿಲು ಹತ್ತುತ್ತಿದ್ದರು, ಇಲ್ಲಿ ಜಗಲಿಯ ಎರಡನೇ ಕುರ್ಚಿಯ ಮೇಲೆ ಧೂಳು ಕೂತಿತು.

ಫೆಬ್ರವರಿ ಹತ್ತರಂದು ತಾವು ಬಂದಿರಿ.

ತಮ್ಮ ಮೇಲಿನ ನನ್ನ ದೂರಿನ ಮುಖ್ಯಾಂಶ ಇಲ್ಲಿಂದ ಆರಂಭವಾಗುತ್ತದೆ. ಊರಿನ ಹೊಲಗಳೆಲ್ಲ ಬರಿದಾಗಿದ್ದಾಗ ನನ್ನದೊಂದೇ ಹಸಿರಾಗಿತ್ತು ಎಂಬುದನ್ನು ಒಪ್ಪುತ್ತೇನೆ. ಅದು ತಮ್ಮ ಕಣ್ಣಿಗೆ ಬಿದ್ದದ್ದು ತಮ್ಮ ತಪ್ಪಲ್ಲ. ಆದರೆ ಐದಡಿ ಬೇಲಿಯನ್ನು ತಾವು ಹಾರಿದ ರೀತಿ, ಹಾರಿದಮೇಲೆ ಹಿಂದಿರುಗಿ ಅದನ್ನು ನೋಡಿದ ರೀತಿ, ಇದನ್ನು ಇಲ್ಲಿ ಯಾಕೆ ಇಟ್ಟಿದ್ದಾರೆ ಎಂಬಂಥ ಆ ನೋಟ, ಅದು ನನ್ನ ಮನಸ್ಸನ್ನು ನೋಯಿಸಿತು. ಅಂದಿನಿಂದ ತಾವು ದಿನವೂ ಆರು ನಲವತ್ತಕ್ಕೆ ಬಂದಿರಿ. ಹಳೆಯ ಚಾಳಿ ಬಿಡದ ನಾನು ತಮ್ಮ ಆಗಮನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಹೋದೆ. ನೂರ ಹದಿನೇಳು ಭೇಟಿಗಳಲ್ಲಿ ತಾವು ತಡವಾದದ್ದು ಎರಡೇ ಸಲ, ಅದೂ ನಾಲ್ಕು ನಿಮಿಷ. ನನ್ನ ಕೈಕೆಳಗೆ ಓಡಿದ ಯಾವ ಟ್ರಾಮೂ ಇಂಥ ಶಿಸ್ತನ್ನು ತೋರಿಸಿರಲಿಲ್ಲ. ನಿವೃತ್ತಿಯ ದಿನ ನನಗೆ ಕೊಟ್ಟ ಬೆಳ್ಳಿಯ ಬಿಲ್ಲೆ ನ್ಯಾಯವಾಗಿ ತಮಗೆ ಸೇರಬೇಕಾದದ್ದು. ಅದರ ರಿಬ್ಬನ್ನನ್ನು ತಾವು ಮಾರ್ಚಿನಲ್ಲೇ ತಿಂದಿದ್ದೀರಿ.

ತೊಗರಿಯಾದ ಮೇಲೆ ತಾವು ಟೊಮೇಟೊ, ಆಮೇಲೆ ಒಣಗಲು ಹಾಕಿದ ಮೇಜುಹಾಸಿನ ಒಂದು ಅಂಚು, ಆಮೇಲೆ ನೆರೆಯವರಿಗೆ ಕೊಡಲೆಂದು ನಾನು ಬರೆದಿಟ್ಟ ಹನ್ನೆರಡು ಆಮಂತ್ರಣ ಪತ್ರಗಳು, ಹೀಗೆ ಕ್ರಮವಾಗಿ ಮುಗಿಸಿದಿರಿ. ಪ್ರತಿ ಊಟದ ನಂತರ ತಾವು ಆ ಕಟ್ಟೆಯನ್ನು ಹತ್ತಿ, ನನ್ನ ಹೂಕುಂಡಗಳನ್ನು ಒಂದೊಂದಾಗಿ ಕೆಳಗೆ ತಳ್ಳಿ, ಸಮುದ್ರದ ಕಡೆ ಮುಖ ಮಾಡಿ ಮಲಗುತ್ತಿದ್ದಿರಿ. ನಾನು ಪೊರಕೆ ಹಿಡಿದು ಓಡಿಸುತ್ತಿದ್ದೆ, ಕಟ್ಟೆಯನ್ನು ಸೋಪು ಹಾಕಿ ತಿಕ್ಕುತ್ತಿದ್ದೆ, ಕುಂಡಗಳನ್ನು ಮತ್ತೆ ಇಡುತ್ತಿದ್ದೆ. ಬೇಲಿಯಾಚೆಯವರು ಮತ್ತೆ ಗುಡ್ ಮಾರ್ನಿಂಗ್ ಹೇಳುತ್ತಿದ್ದರು, ಈ ಸಲ ಸ್ವಲ್ಪ ಜಾಸ್ತಿ ಹೊತ್ತು ನಿಂತು.

ಇಷ್ಟಾದರೂ ನಾನು ತಮ್ಮ ಮೇಲೆ ಪತ್ರ ಬರೆಯುತ್ತಿರಲಿಲ್ಲ. ಬರೆಯುವ ಪ್ರಮೇಯ ತಂದದ್ದು ಪಟ್ಟಣದ ಕಚೇರಿ. ಪರದೇಶದವರು ಇಲ್ಲಿ ನೆಲ ಹಿಡಿಯಬೇಕಾದರೆ ಪರವಾನಗಿ ಬೇಕು. ನನಗೆ ಕೊಟ್ಟದ್ದು ತಾತ್ಕಾಲಿಕ, ಅದು ಜೂನ್ ಮೂವತ್ತಕ್ಕೆ ಮುಗಿಯುತ್ತದೆ. ಅಷ್ಟರೊಳಗೆ, ಈಕೆ ನಮಗೆ ಗೊತ್ತು, ಈಕೆ ಇಲ್ಲಿರಲಿ ಎಂದು ಊರಿನ ಇಬ್ಬರು ನೆರೆಯವರು ಒಂದು ಕಾಗದಕ್ಕೆ ಸಹಿ ಹಾಕಿಕೊಡಬೇಕು. ಕಚೇರಿಯ ಮಿಸ್ ಅಡೆಲಾ ಪತ್ರೀಸ್ ಅವರನ್ನು, ಇದು ಯಾವ ಕಾಯ್ದೆಯಲ್ಲಿದೆ, ತೋರಿಸಿ ಎಂದು ಕೇಳಿದೆ. ಆಕೆ ಪೆನ್ನಿನ ಮುಚ್ಚಳ ಹಾಕುತ್ತ, "ಕಾಯ್ದೆಯಲ್ಲಿಲ್ಲ ಮೇಡಂ, ರೂಢಿ. ಕಾಯ್ದೆ ಆಗಿದ್ರೆ ಏನಾದ್ರೂ ದಾರಿ ಹುಡುಕ್ಬಹುದಿತ್ತು," ಎಂದರು. ಸಹಿ ಸಿಗದಿದ್ದರೆ ಏನಾಗುತ್ತದೆ ಎಂದೆ. "ಮನೆ ಮಾರಿ ಹೋಗ್ಬೇಕಾಗುತ್ತೆ. ಆದ್ರೆ ಅದ್ಯಾಕ್ ಸಿಗಲ್ಲ? ಬೆಲ್ ಮೋರ್ನ್ ಜನ ಯಾರಿಗೂ ಇಲ್ಲ ಅನ್ನೋದಿಲ್ಲ," ಎಂದರು.

ಅವರು ಹೇಳಿದ್ದು ಅಕ್ಷರಶಃ ಸತ್ಯ. ಯಾರೂ ಇಲ್ಲ ಎನ್ನಲಿಲ್ಲ. ತಮ್ಮ ಒಡತಿ ತಾಂತಿ ಉರ್ಸುಲಿನ್ ಅವರ ಬಾಗಿಲಿಗೆ ಕಾಗದ ಹಿಡಿದು ಹೋದಾಗ ಅವರು ಮೆಟ್ಟಿಲ ಮೇಲೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. "ಅಯ್ಯೋ ಮಗಳೇ, ಕನ್ನಡಕ ಎಲ್ಲಿಟ್ಟೆನೋ ಕಾಣ್ತಿಲ್ಲ. ಏನೂ ಕಾಣ್ಸಲ್ಲ ನಂಗೆ," ಎಂದು, ದಾರವನ್ನು ಒಂದೇ ಸಲಕ್ಕೆ ಸೂಜಿಯ ಕಣ್ಣಿಗೆ ತೂರಿಸಿದರು. ಕೆನ್‌ರಿಕ್ ಫ್ಲೀರಿ ದೋಣಿಯ ಹಲಗೆಗೆ ಹತ್ತರಿ ಹೊಡೆಯುತ್ತಿದ್ದವರು, ಪೆನ್ನು ಹಿಡಿದರೆ ತನಗೆ ಕೈ ನಡುಗುವ ಕಾಯಿಲೆಯೊಂದಿದೆ ಎಂದರು. ಉಳಿದವರಿಗೆಲ್ಲ ಜೂನ್ ಬರಬೇಕಾಗಿತ್ತು. ಜೂನ್ ಬಂದಾಗ ಮಳೆ ಬರಬೇಕಾಯಿತು.

ಆ ಹೊತ್ತಿನಲ್ಲಿ ನನಗೆ ತಮ್ಮ ಮೇಲೆ ಒಂದು ಬಗೆಯ ಗೌರವ ಹುಟ್ಟಿತೆಂದು ಹೇಳಿಕೊಳ್ಳಲು ಸಂಕೋಚವಿಲ್ಲ. ನನ್ನನ್ನು ಬಲ್ಲವರು, ನನ್ನ ಅಂಗಳಕ್ಕೆ ನೂರಕ್ಕೂ ಹೆಚ್ಚು ಸಲ ಬಂದವರು, ನನ್ನ ಅಡುಗೆಮನೆಯ ಪರದೆಯ ರುಚಿಯನ್ನೂ ತಿಳಿದವರು ಈ ಊರಿನಲ್ಲಿ ತಾವಲ್ಲದೆ ಇನ್ನಾರಿದ್ದಾರೆ? ತಮ್ಮ ಮುಂಗಾಲಿನ ಗೊರಸನ್ನು ಶಾಯಿಯಲ್ಲಿ ಅದ್ದಿ ಆ ಕಾಗದದ ಮೇಲೆ ಒತ್ತಿಸಿಕೊಂಡರೆ ಮಿಸ್ ಪತ್ರೀಸ್ ಒಪ್ಪಿಯಾರೇ ಎಂದು ಒಂದು ಮಧ್ಯಾಹ್ನವಿಡೀ ಯೋಚಿಸಿದೆ. ಎರಡನೆಯ ಸಹಿಗೆ ಹಿಂಗಾಲಿತ್ತು. ಕೊನೆಗೆ, ಕಾಗದವನ್ನು ತಮ್ಮ ಮುಂದೆ ಹಿಡಿದರೆ ತಾವು ಅದಕ್ಕೆ ಏನು ಮಾಡುತ್ತೀರೆಂಬುದು ನೆನಪಾಗಿ ಸುಮ್ಮನಾದೆ.

ಈ ತಿಂಗಳ ಮೊದಲ ಸೋಮವಾರ ತಾವು ಕಾಫಿಯ ಬಟ್ಟಲನ್ನೇ ಉರುಳಿಸಿದಿರಿ. ಅದು ನನ್ನ ತಾಯಿಯ ಬಟ್ಟಲು. ನಾನು ಪೊರಕೆ ಹಿಡಿದು ತಮ್ಮ ಬೆನ್ನು ಹತ್ತಿ, ಗುಡ್ಡ ಇಳಿದು, ಇವತ್ತು ತಮ್ಮ ಒಡತಿಯೊಂದಿಗೆ ಇತ್ಯರ್ಥವಾಗಿಯೇ ಬಿಡಲೆಂದು ಅವರ ಮನೆಯ ಬಾಗಿಲವರೆಗೆ ಬಂದೆ. ತಾವು ಮನೆಯ ಹಿಂದಕ್ಕೆ ನುಸುಳಿದಿರಿ. ಬಾಗಿಲು ತೆರೆದಿತ್ತು. ಒಳಗೆ ಒಂದೇ ಮಂಚ. ಮಂಚದ ಮೇಲೆ ಇಸ್ತ್ರಿ ಮಾಡಿದ ಬಿಳಿ ಹಾಸು. ಹಾಸಿನ ಮೇಲೆ, ದಿಂಬಿಗೆ ತಲೆಯಿಟ್ಟು, ಒಂದು ಸಮಾಧಿ ಕಲ್ಲು ಮಲಗಿತ್ತು. ಕೆಳಗೆ ನೆಲದ ಮೇಲೆ ತಾಂತಿಯ ಚಾಪೆ ಸುತ್ತಿಟ್ಟಿತ್ತು.

ಕಲ್ಲಿನ ಊಟವನ್ನು ನಾನು ಅರಿಯದವಳಲ್ಲ. ಸತ್ತವರನ್ನು ಹೂತು ವರ್ಷಗಳಾದ ಮೇಲೆ, ಮನೆಯವರಿಗೆ ಕೈಲಾದಾಗ, ಕಲ್ಲು ಮಾಡಿಸಿ ಮನೆಗೆ ತಂದು ಮಂಚದ ಮೇಲೆ ಮಲಗಿಸಿ, ನೀರು ಮತ್ತು ರಮ್ ಚಿಮುಕಿಸಿ, ಡೋಲು ಬಾರಿಸಿ, ಸಮಾಧಿಗೆ ಕೊಂಡುಹೋಗಿ ನೆಟ್ಟು ಊರಿಗೆಲ್ಲ ಉಣಬಡಿಸುತ್ತಾರೆ. ಪಟ್ಟಣದವರೊಂದಿಗೆ ನಾನೂ ಎರಡು ಸಲ ಹೋಗಿ ಉಂಡಿದ್ದೇನೆ. ಆದರೆ ಪಟ್ಟಣದಲ್ಲಿ ಸತ್ತವರು ಇಗರ್ಜಿಯ ಹಿಂದೆ ಇರುತ್ತಾರೆ. ಹಳ್ಳಿಯಲ್ಲಿ ಅವರು ಮನೆಯ ಅಂಗಳದಲ್ಲೇ ಇರುತ್ತಾರೆಂಬುದು, ಕಲ್ಲು ನೆಡುವವರೆಗೆ ಅವರ ಗುರುತಿಗೆ ಬರೀ ಸಿಮೆಂಟು ಇರುತ್ತದೆಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಕಲ್ಲಿನ ಮೇಲೆ ಫಿಲೋಮೆನ್ ಬೆಡೋ ಎಂಬ ಹೆಸರಿತ್ತು. ನನ್ನ ಕೈಯಲ್ಲಿ ಪೊರಕೆ ಇನ್ನೂ ಇತ್ತು.

"ತಾಂತಿ, ಈ ಕಲ್ಲು ಯಾರದು?" ಎಂದೆ.

"ನಮ್ಮಮ್ಮಂದು. ಡಿಸೆಂಬರ್‌ನಲ್ಲೇ ಬಂತು."

"ಮತ್ತೆ ಎಲ್ಲಿ ನೆಡಬೇಕು ಇದನ್ನ?"

ತಾಂತಿ ಬಟಾಣಿ ಸುಲಿಯುತ್ತಿದ್ದವರು ತಲೆಯೆತ್ತದೆ, "ನೀನು ಕಾಫಿ ಕುಡೀತೀಯಲ್ಲ, ಅಲ್ಲಿ," ಎಂದರು.

ಮಾನ್ಯರೇ, ನಾನು ಪೊರಕೆಯನ್ನು ಕೆಳಗಿಟ್ಟೆ. ಅವರ ಹೊಸ್ತಿಲಲ್ಲೇ ಕೂತೆ. ಯಾಕೆ ತಾಂತಿ ಒಂದು ಮಾತು ಹೇಳಲಿಲ್ಲ, ಏಳು ತಿಂಗಳು ನಾನು ಅಮ್ಮನ ಎದೆಯ ಮೇಲೆ ಕೂತಿದ್ದೆನಲ್ಲ, ಸೋಪು ಹಾಕಿ ತಿಕ್ಕಿದೆನಲ್ಲ ಎಂದು ಅತ್ತೆ. ಅವರು ಮಡಿಲ ಮೇಲೆ ಹಾಸಿಕೊಂಡಿದ್ದ ಬಟ್ಟೆಯಿಂದ ಕೈ ಒರೆಸಿಕೊಂಡರು. "ನಿನ್ನ ಅಂಗಳ ಮಗಳೇ, ಮಾರಿದ್ದು ನಮ್ಮ ಹುಡುಗನೇ. ನಿನ್ನ ಅಂಗಳಕ್ಕೆ ಬಂದು ನಿಂಗೆ ಹೇಳಕ್ಕೆ ನಾನ್ಯಾರು? ಕೇಳಿದ್ರೆ ಹೇಳ್ತಿದ್ದೆ. ಮತ್ತೆ ಬೀಗ ಇತ್ತಲ್ಲ," ಎಂದರು. ಮತ್ತೆ ಬಟಾಣಿಗೆ ಕೈ ಹಾಕಿ, "ಅಮ್ಮ ಕೋಕೋ ಕುಡಿಯೋಳು, ಕಾಫಿ ಸೇರ್ತಿರ್ಲಿಲ್ಲ ಅವ್ಳಿಗೆ. ಆದ್ರೂ ಜೊತೆಗೊಬ್ರು ಕೂತಿರ್ತಿದ್ರಲ್ಲ, ಅಷ್ಟು ಒಳ್ಳೇದೇ ಆಯ್ತು," ಎಂದು ಸೇರಿಸಿದರು.

ಅವರಿಗೆ ಎಂಬತ್ತೊಂದು. ಆ ಕಲ್ಲು ಬಂದ ದಿನದಿಂದ ಅವರು ಅದನ್ನು ಮಂಚದ ಮೇಲೆ ಮಲಗಿಸಿ ತಾವು ನೆಲದ ಮೇಲೆ ಮಲಗಿದ್ದಾರೆ, ನನ್ನ ಹಿತ್ತಾಳೆಯ ಬೀಗದ ದೆಸೆಯಿಂದ.

ಅಂದೇ ನಾನು ಬೀಗ ತೆಗೆದು ಸಮುದ್ರಕ್ಕೆ ಎಸೆದೆ. ಕುಂಡಗಳನ್ನು ಇಳಿಸಿದೆ. ಬೇಲಿ ಕಿತ್ತುಹಾಕಿ ಎಂದು ಕೆನ್‌ರಿಕ್ ಅವರಿಗೆ ಹೇಳಿಕಳಿಸಿದೆ. ಅವರು ಬಂದು ಗೂಟಗಳನ್ನು ಒಂದೊಂದಾಗಿ ಸವರುತ್ತ, "ಇಂಥ ಬೇಲಿ ನಾನು ಜನ್ಮದಲ್ಲಿ ಕಟ್ಟಿರ್ಲಿಲ್ಲ ಮಿಸ್ ಇನೆಕೆ, ಕೀಳಕ್ಕೆ ಮನಸ್ಸಾಗ್ತಿಲ್ಲ," ಎಂದರು. ಪೂರ್ವದ ಮೂಲೆಗೆ ಬಂದಾಗ ನಾನೇ ಬಾಯಿಬಿಟ್ಟು ಕೇಳಿದೆ, ಅವತ್ತು ಇಲ್ಲಿ ಬಾಗಿಸಿದ್ದು ಇದಕ್ಕೇನಾ ಎಂದು. "ಫಿಲೋಮೆನ್ ಅಜ್ಜಿ ಕಾಲು ಚಾಚ್ಕೊಳಕ್ಕೆ ಎರಡಡಿ ಬಿಟ್ಟಿದ್ದೆ. ನೀವು ಬೈದ್ರಿ," ಎಂದರು. ಕೊನೆಗೆ ಗೇಟನ್ನೂ ಎರಡು ಬದಿಯ ನಾಲ್ಕು ಗೂಟಗಳನ್ನೂ ಮಾತ್ರ ಅವರ ಕೈಕೆಲಸದ ಗೌರವಕ್ಕೆಂದು ಉಳಿಸಿದೆವು. ಅಲ್ಲಿಂದೀಚೆಗೆ ತಾವು ಒಂದು ಸಲವೂ ಒಳಗೆ ಕಾಲಿಟ್ಟಿಲ್ಲ. ನೂರ ಹದಿನೇಳು ದಿನ ಐದಡಿ ಹಾರಿದವರು ಈಗ ಹಾರುವುದಕ್ಕೇ ಏನಿಲ್ಲದಾಗ ರಸ್ತೆಯಲ್ಲಿ ನಿಂತು, ತೆರೆದ ಗೇಟನ್ನು ಅನುಮಾನದಿಂದ ನೋಡಿ, ಮೆಲುಕು ಹಾಕುತ್ತ ಹೊರಟುಹೋಗುತ್ತೀರಿ. ಇದಕ್ಕಿಂತ ದೊಡ್ಡ ಅವಮಾನವನ್ನು ತಾವು ನನಗೆ ಬೇಲಿಯಿದ್ದಾಗಲೂ ಮಾಡಿರಲಿಲ್ಲ.

ಇನ್ನು ನಾನು ಈ ಪತ್ರವನ್ನು ಬರೆಯಲೇಬೇಕಾದ ಸಂಗತಿಗೆ ಬರುತ್ತೇನೆ. ಕಲ್ಲಿನ ಊಟ ನಾಡಿದ್ದು ಶನಿವಾರಕ್ಕೆ ಗೊತ್ತಾಗಿದೆ. ನಾನು ತಾಂತಿಯನ್ನು ಊಟಕ್ಕೆ ಏನೇನು ಬೇಕೆಂದು ಕೇಳಿದೆ. ಜೋಳದ ಹಿಟ್ಟು, ತೊಗರಿ, ಅಕ್ಕಿ, ರಮ್ ಎಂದು ಹೇಳುತ್ತ ಹೋದವರು ಕೊನೆಗೆ ಗದ್ದವೆತ್ತಿ ಆಚೆ ನಿಂತಿದ್ದ ತಮ್ಮನ್ನೇ ತೋರಿಸಿದರು. ತಾವು ಹುಟ್ಟಿದ ದಿನವೇ ಕಿವಿಗೆ ನೀರು ಚಿಮುಕಿಸಿ ಅಮ್ಮನ ಹೆಸರು ಹೇಳಿ, ಅವರ ಕಲ್ಲಿನ ಊಟಕ್ಕೆಂದೇ ಬಿಟ್ಟಿದ್ದಾರಂತೆ. ಈ ವರ್ಷ ಮಾರ್ಚಿನಲ್ಲೇ ತಮ್ಮ ಸರದಿಯಿತ್ತು. ತಡೆದದ್ದು ನನ್ನ ಬೇಲಿ. ಅಂದರೆ, ದಿನವೂ ಬೆಳಿಗ್ಗೆ ತಾವು ಯಾವುದನ್ನು ಅಷ್ಟು ತಾತ್ಸಾರದಿಂದ ಹಾರಿ ಬರುತ್ತಿದ್ದಿರೋ ಆ ಬೇಲಿಯೇ ತಮ್ಮ ಆಯುಷ್ಯವನ್ನು ಹಿಡಿದುಕೊಂಡು ನಿಂತಿತ್ತು. ಅದನ್ನು ಕಿತ್ತವಳು ನಾನು. ಅಷ್ಟಕ್ಕೆ ಬಿಡದೆ ನಾನು, ಬೇರೆ ಏನಾದರೂ ಕೊಡಬಾರದೇ, ಪಟ್ಟಣದ ಅಂಗಡಿಯಲ್ಲಿ ಒಳ್ಳೆಯ ಕೋಳಿ ಸಿಗುತ್ತದೆ ಎಂದೂ ಕೇಳಿ ನೋಡಿದೆ. "ಅಮ್ಮ ಕೋಳಿ ತಿಂತಿರ್ಲಿಲ್ಲ," ಎಂದರು. ಕೋಕೋ, ಕೋಳಿ, ಕಾಫಿ ಇವುಗಳ ಬಗ್ಗೆ ಆ ತಾಯಿ ಸತ್ತು ಹದಿನೆಂಟು ವರ್ಷವಾದರೂ ಒಂದು ಇಂಚು ಬಿಟ್ಟುಕೊಟ್ಟಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇದು. ನಾಳೆ ಸಂಜೆ ತಮಗೆ ಹಗ್ಗ ಬೀಳುತ್ತದೆ. ತಮ್ಮ ಕಾಲುಗಳಲ್ಲಿ ಎಂಥ ಶಕ್ತಿಯಿದೆಯೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಗುಡ್ಡದಾಚೆ ಮುಳ್ಳುಪೊದೆಗಳಿವೆ, ಅಲ್ಲಿ ಯಾರೂ ಬರುವುದಿಲ್ಲ, ತಾವು ದಯಮಾಡಿ ಇಂದೇ ಹೊರಟುಬಿಡಿ. ಅಥವಾ ಹೊರಡಬೇಡಿ. ತಾವು ಕಣ್ಮರೆಯಾದರೆ ಕಲ್ಲು ಮತ್ತೆ ಮಂಚದ ಮೇಲೆಯೇ ಉಳಿಯುತ್ತದೆ, ಇನ್ನೊಂದು ಹೋತ ಬೆಳೆಯುವವರೆಗೆ ಆ ಮುದುಕಿ ನೆಲದ ಮೇಲೆ ಮಲಗುತ್ತಾರೆ, ಅಷ್ಟು ಕಾಲ ಅವರಿಗಿದೆಯೆಂದು ಹೇಳುವ ಧೈರ್ಯ ನನಗಿಲ್ಲ. ಹೊರಟು ಹೋಗಿ, ಆದರೆ ಶನಿವಾರ ಬೆಳಿಗ್ಗೆ ಆರು ನಲವತ್ತಕ್ಕೆ ಬನ್ನಿ. ಇದು ಸಾಧ್ಯವಾಗದ ಮಾತು ಎಂದು ನನಗೆ ಗೊತ್ತು. ಹತ್ತು ದಿನದಿಂದ ನಾನು ಬೆಳಿಗ್ಗೆ ಎದ್ದು ಗಡಿಯಾರ ನೋಡಿ, ತಾವು ಒಳಗೆ ಬಾರದಿರುವುದನ್ನು ಕಂಡು, ಬೇಸರ ಪಡುತ್ತಿದ್ದೇನೆ. ಈ ಊರಿನಲ್ಲಿ ಮೊದಲು ನನ್ನ ಮನೆಗೆ ಬಂದವರು ತಾವು, ಅದನ್ನು ಮರೆಯಲಾರೆ.

ಸಹಿಯ ವಿಚಾರ ತಾವು ಕೇಳಬಹುದು. ಕಾಗದ ಖಾಲಿಯಾಗಿಯೇ ಇದೆ. ಇಷ್ಟೆಲ್ಲ ಆದಮೇಲೆ ಅದನ್ನು ಹಿಡಿದು ಮತ್ತೆ ತಾಂತಿಯ ಬಾಗಿಲಿಗೆ ಹೋಗುವ ಮುಖ ನನಗಿಲ್ಲ. ಗೇಟು ತೆರೆದದ್ದು ಅದಕ್ಕಾಗಿ ಎಂದು ಅವರು ತಿಳಿದರೆ ನಾನು ಬದುಕಿರಲಾರೆ. ಆದ್ದರಿಂದ ಕೇಳುವುದಿಲ್ಲವೆಂದು ನಿರ್ಧರಿಸಿದ್ದೇನೆ. ಮೂವತ್ತನೆಯ ತಾರೀಖಿನ ನಂತರ ನನ್ನ ವಿಳಾಸ ಯಾವುದಾಗಿರುತ್ತದೆಂದು ಈಗ ಹೇಳಲಾರೆ; ತಮ್ಮದನ್ನೂ ಹಾಗೆಯೇ.

ಬಟ್ಟಲಿನ ವಿಷಯವನ್ನು ಕ್ಷಮಿಸಿದ್ದೇನೆ. ರಿಬ್ಬನ್ನಿನದನ್ನು ಇನ್ನೂ ಇಲ್ಲ.

ಬೇಲಿಯ ಮಾಜಿ ಒಡತಿಯೂ ತಮ್ಮ ವಿಶ್ವಾಸಿಯೂ ಆದ,
ಇನೆಕೆ ಬೋಸ್ಮಾ

ತಾ.ಕ. (ಭಾನುವಾರ): ತಾವು ಓಡಿಹೋಗಲಿಲ್ಲ. ಕೊನೆಯ ಭೇಟಿಗೆ ತಾವು ಹಗ್ಗದಲ್ಲಿ, ಗೇಟಿನ ಮೂಲಕ, ಸದ್ಗೃಹಸ್ಥರಂತೆ ಬಂದಿರಿ. ನಾನು ಮನೆಯೊಳಗೆ ಹೋಗಿ ಕಿವಿ ಮುಚ್ಚಿಕೊಂಡು ಕೂತಿದ್ದೆ. ಆಮೇಲೆ ಕಲ್ಲು ಬಂತು, ಡೋಲು ಬಂತು, ಊರು ಬಂತು. ನನ್ನ ಕೈಗೂ ರಮ್ಮಿನ ಲೋಟ ಕೊಟ್ಟು ಕಲ್ಲಿನ ಮೇಲೆ ಸುರಿಸಿದರು, ನಾನು ಫಿಲೋಮೆನ್ ಅವರಲ್ಲಿ ತಪ್ಪಾಯಿತೆಂದು ನನ್ನ ಭಾಷೆಯಲ್ಲಿ ಹೇಳಿಕೊಂಡೆ. ಅವರಿಗೆಂದು, ಸತ್ತವರಿಗೆ ಇಡುವ ರೂಢಿಯಂತೆ, ಉಪ್ಪಿಲ್ಲದ ಒಂದು ತಟ್ಟೆ ತೆಗೆದಿಟ್ಟು ಉಳಿದವರೆಲ್ಲ ಊಟಕ್ಕೆ ಕೂತೆವು. ತಮ್ಮ ತೊಡೆ ಬೇಯಲು ನಾಲ್ಕು ಗಂಟೆ ಹಿಡಿಯಿತು. ಕೆನ್‌ರಿಕ್ ಸೌದೆ ತುಂಬಿ ತುಂಬಿ ಸುಸ್ತಾದರು; ಹಂಡೆಯಲ್ಲೂ ತಾವು ಯಾರ ಮಾತನ್ನೂ ಕೇಳಲಿಲ್ಲ. ನಾನು ಅಳುತ್ತಲೇ ಎರಡು ಸಲ ಬಡಿಸಿಕೊಂಡೆ. ಅದು ನನ್ನ ತೊಗರಿ, ನನ್ನ ಟೊಮೇಟೊ, ಅಷ್ಟರ ಮಟ್ಟಿಗೆ ನನಗೆ ಹಕ್ಕಿತ್ತೆಂದು ತಾವು ಒಪ್ಪುತ್ತೀರಿ.

ಇಂದು ಬೆಳಿಗ್ಗೆ ತಾಂತಿ ಉರ್ಸುಲಿನ್ ತಾವಾಗಿಯೇ ಬಂದು, ಜಗಲಿಯ ಎರಡನೇ ಕುರ್ಚಿಯ ಧೂಳು ಒರೆಸಿ ಕೂತು, "ಎಲ್ಲಿ ಆ ಕಾಗದ?" ಎಂದರು. ನಾನು ಕೊಡಲು ಹಿಂದೆಮುಂದೆ ನೋಡಿದಾಗ ಮೇಜಿನ ಖಾನೆಯನ್ನು ತಾವೇ ಎಳೆದು ತೆಗೆದರು. ಅವರ ಜೊತೆಗೆ ಬಂದಿದ್ದ ಕೆನ್‌ರಿಕ್ ಕೆಳಗಿನ ಸಾಲಿನಲ್ಲಿ, ಒಂದಿಷ್ಟೂ ನಡುಗದ ಕೈಯಲ್ಲಿ, ಸಹಿ ಹಾಕಿದರು. ಅರ್ಜಿದಾರಳು ತಮಗೆ ಹೇಗೆ ಪರಿಚಯ ಎಂಬ ಕಡೆ ತಾಂತಿ ಬಹಳ ಹೊತ್ತು ಪೆನ್ನು ಹಿಡಿದು ಯೋಚಿಸಿ, "ನಮ್ಮಮ್ಮ ಇವಳ ಅಂಗಳದಲ್ಲಿದ್ದಾಳೆ" ಎಂದು ಬರೆದರು.

ಆಮೇಲೆ ಅವರು ಮೆಟ್ಟಿಲ ಕೆಳಗೆ ಕಟ್ಟಿಹಾಕಿದ್ದ ಎರಡು ತಿಂಗಳ ಹೆಣ್ಣುಮರಿಯೊಂದನ್ನು ತಂದು ಅದರ ಹಗ್ಗವನ್ನು ನನ್ನ ಕೈಗಿಟ್ಟರು. ತಮ್ಮ ಮಗಳೇ ಇರಬೇಕು. ಗಡ್ಡವೊಂದಿಲ್ಲ, ಹಗ್ಗ ಕೈಗೆ ಬರುವಷ್ಟರಲ್ಲಿ ಅರ್ಧ ತಿಂದಿದ್ದಳು. ಇದು ಯಾಕೆ ತಾಂತಿ ಎಂದೆ.

"ನಿಂಗೆ ಯಾರೂ ಇಲ್ವಲ್ಲ ಮಗಳೇ. ಇದನ್ನ ಸಾಕು, ಇದು ಮರಿ ಹಾಕ್ಲಿ, ಅದರ ಮರಿ ಮರಿ ಹಾಕ್ಲಿ. ಅದ್ರಲ್ಲಿ ಒಂದು ನಿನ್ನ ಕಲ್ಲಿಗೆ ಆಗುತ್ತೆ," ಎಂದು, ಮೆಟ್ಟಿಲಿಳಿದು ಅಮ್ಮನ ಕಡೆ ಒಂದು ಸಲ ನೋಡಿ, "ಅವಸರ ಏನಿಲ್ಲ," ಎಂದರು.